ಸಾಕಿದ ಹಾವು ಸತ್ತ ಮೇಲೆ ಇನ್ನೊಂದನ್ನು ತರಬಹುದೇ? ನಿರ್ಧಾರಕ್ಕೆ ಮೊದಲು ಮಾಡಬೇಕಾದ ಕೆಲಸಗಳು

ಹತ್ತು ಹದಿನೈದು ವರ್ಷ ಮನೆಯಲ್ಲಿದ್ದ ಹಾವು ಸತ್ತಾಗ ಆಗುವ ದುಃಖ ಚಿಕ್ಕದಲ್ಲ. ನಾಯಿ, ಬೆಕ್ಕು ಸತ್ತರೆ ಸಮಾಧಾನ ಹೇಳುವವರೂ ಇಲ್ಲಿ 'ಹಾವು ತಾನೇ' ಎಂದು ಸುಮ್ಮನಾಗುತ್ತಾರೆ. ನೋವನ್ನು ಯಾರ ಹತ್ತಿರವೂ ಹೇಳಿಕೊಳ್ಳಲಾಗದೆ, ಖಾಲಿ ಟ್ಯಾಂಕನ್ನು ನೋಡಲೂ ಆಗದೆ, ವಾರದೊಳಗೆ ಇನ್ನೊಂದು ಹಾವನ್ನು ತಂದುಬಿಡುವವರಿದ್ದಾರೆ. 'ಇನ್ನು ನನ್ನ ಕೈಲಾಗದು' ಎಂದು ಇದ್ದಬದ್ದ ಸಾಮಾನನ್ನೆಲ್ಲ ಯಾರಿಗೋ ಕೊಟ್ಟು ಕೈತೊಳೆದುಕೊಳ್ಳುವವರೂ ಇದ್ದಾರೆ. ಎರಡು ಕಡೆಯೂ ಒಂದು ಪ್ರಶ್ನೆ ಹಾಗೇ ಉಳಿದುಬಿಡುತ್ತದೆ: ಆ ಹಾವು ಯಾಕೆ ಸತ್ತಿತು?

ಅದು ತಿಳಿಯುವವರೆಗೆ, ಇಲ್ಲವೇ ತಿಳಿಯಲು ಆಗುವ ಪ್ರಯತ್ನವೆಲ್ಲ ಮುಗಿಯುವವರೆಗೆ, ಹೊಸ ಹಾವಿನ ಮಾತೇ ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ಮುಪ್ಪಿನಿಂದ ಸತ್ತಿದ್ದರೆ ಅದೇ ಟ್ಯಾಂಕ್, ಅದೇ ಕ್ರಮ ಮುಂದಿನದಕ್ಕೂ ಸಾಕು. ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಕೆಟ್ಟು ಸತ್ತಿದ್ದರೆ, ಅದನ್ನು ಬದಲಿಸದೆ ತಂದ ಹಾವಿಗೂ ಅದೇ ಗತಿ. ಹೊಟ್ಟೆಯ ಪರಾವಲಂಬಿಯಿಂದ ಸತ್ತಿದ್ದರಂತೂ ಟ್ಯಾಂಕೇ ರೋಗದ ಮೂಲ.

ಕಾರ್ನ್ ಸ್ನೇಕ್, ಕಿಂಗ್ ಸ್ನೇಕ್, ಬಾಲ್ ಪೈಥಾನ್ (ಹೆಬ್ಬಾವಿನ ಒಂದು ಜಾತಿ), ಬೋವಾ ಮುಂತಾದ ವಿಷವಿಲ್ಲದ, ಸಾಕಣೆಯಲ್ಲೇ ಹುಟ್ಟಿದ ಹಾವುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇವೆ. ಉಷ್ಣತೆಯ ಅಂಕಿಗಳೆಲ್ಲ ಸೆಲ್ಸಿಯಸ್‌ನಲ್ಲಿವೆ.

ಮೊದಲ ಎರಡು ದಿನ

ಸಾವನ್ನು ಖಚಿತ ಮಾಡಿಕೊಳ್ಳಿ. ಮೈ ತಣ್ಣಗಾದ ಹಾವಿನ ಉಸಿರು, ಎದೆಬಡಿತ ಎರಡೂ ತೀರಾ ನಿಧಾನವಾಗುತ್ತವೆ. ಹೀಟರ್ ಕೈಕೊಟ್ಟ ರಾತ್ರಿಯ ಮರುದಿನ ಅಲುಗಾಡದೆ ಬಿದ್ದಿರುವ ಹಾವು ಇನ್ನೂ ಬದುಕಿರಬಹುದು. 28 ಡಿಗ್ರಿ ಆಸುಪಾಸಿನ ಜಾಗದಲ್ಲಿ ಒಂದೆರಡು ಗಂಟೆ ಇಟ್ಟು ನೋಡಿ. ದೀಪದ ಕೆಳಗೆ, ಬಿಸಿ ಮ್ಯಾಟಿನ ಮೇಲೆ ನೇರವಾಗಿ ಇಡಬೇಡಿ. ಬಾಯಿ ತೆರೆದರೆ ಕೆಳದವಡೆಯ ನಡುವೆ ಉಸಿರಿನ ತೂತು ಕಾಣುತ್ತದೆ, ಅದು ತೆರೆದು ಮುಚ್ಚುತ್ತಿದೆಯೇ ಗಮನಿಸಿ. ಅನುಮಾನ ಉಳಿದರೆ ವೈದ್ಯರು ಡಾಪ್ಲರ್ ಯಂತ್ರದಿಂದ ಎದೆಬಡಿತ ಕೇಳಿ ಹೇಳಬಲ್ಲರು.

ಸತ್ತಿರುವುದು ಖಚಿತವಾದರೆ ಮೈಯನ್ನು ಕೂಡಲೇ ಬಿಸಿ ಟ್ಯಾಂಕಿನಿಂದ ತೆಗೆಯಿರಿ. 30 ಡಿಗ್ರಿ ಬಿಸಿಯಲ್ಲಿ ಒಳಗಿನ ಅಂಗಗಳು ಬೇಗ ಕೊಳೆಯುತ್ತವೆ, ರಾತ್ರಿ ಸತ್ತ ಹಾವನ್ನು ಮರುದಿನ ಸಂಜೆ ಕೊಯ್ದು ನೋಡಿದರೆ ಹೇಳುವಂಥದ್ದು ಏನೂ ಉಳಿದಿರುವುದಿಲ್ಲ. ಎರಡು ಪದರ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಆಹಾರ ಪದಾರ್ಥಗಳಿಂದ ದೂರವಾಗಿ, ಫ್ರಿಜ್‌ನಲ್ಲಿ 2ರಿಂದ 4 ಡಿಗ್ರಿಯಲ್ಲಿಡಿ. ಫ್ರೀಜರ್‌ನಲ್ಲಿ ಇಡಬೇಡಿ. ಜೀವಕೋಶದೊಳಗಿನ ನೀರು ಹರಳುಗಟ್ಟಿ ಅಂಗಾಂಶವನ್ನು ಹರಿದುಹಾಕುತ್ತದೆ, ಸೂಕ್ಷ್ಮದರ್ಶಕದಲ್ಲಿ ಏನೂ ಗುರುತು ಸಿಗದು. 24 ಗಂಟೆಯೊಳಗೆ, ಹೆಚ್ಚೆಂದರೆ 48 ಗಂಟೆಯೊಳಗೆ, ಸರೀಸೃಪಗಳನ್ನು ನೋಡುವ ಪಶುವೈದ್ಯರ ಕೈಗೆ ಮರಣೋತ್ತರ ಪರೀಕ್ಷೆಗೆ ತಲುಪಿಸಿ. ಅಷ್ಟರೊಳಗೆ ಸಾಧ್ಯವೇ ಇಲ್ಲವೆಂದಾದರೆ ಮಾತ್ರ ಫ್ರೀಜ್ ಮಾಡಿ. ವೈರಸ್ ಪತ್ತೆಗೆ ಮಾಡುವ ಪಿಸಿಆರ್ ಪರೀಕ್ಷೆಗಾದರೂ ಅದು ಬಂದೀತು.

ಪರೀಕ್ಷೆಗೆ ಕೊಡುವಾಗ ಏನು ಬೇಕೆಂದು ಸ್ಪಷ್ಟವಾಗಿ ಕೇಳಿ. ಬರೀ ಹೊಟ್ಟೆ ಕೊಯ್ದು ಕಣ್ಣಿಂದ ನೋಡಿದರೆ ಸಿಕ್ಕಿಕೊಂಡ ಮೊಟ್ಟೆ, ಕರುಳಿನ ಅಡಚಣೆ, ಗೆಡ್ಡೆ, ಅಂಗಗಳ ಮೇಲೆ ಸುಣ್ಣದಂತೆ ಕೂತ ಗೌಟ್ (ಯೂರಿಕ್ ಆಮ್ಲದ ಹರಳು) ಇವು ಕಾಣಬಹುದು. ಸೋಂಕುಗಳು ಬಹುಪಾಲು ಕಾಣುವುದಿಲ್ಲ. ಶ್ವಾಸಕೋಶ, ಯಕೃತ್ತು, ಮೂತ್ರಪಿಂಡ, ಜಠರ, ಕರುಳು, ಮೆದುಳು ಇಷ್ಟರದೂ ತುಣುಕು ತೆಗೆದು ಸೂಕ್ಷ್ಮದರ್ಶಕ ಪರೀಕ್ಷೆ ಮಾಡಿಸಿ. ಹೆಬ್ಬಾವು, ಬೋವಾ ಜಾತಿಯದಾದರೆ ರೆಪ್ಟಅರೆನಾವೈರಸ್ ಮತ್ತು ನಿಡೋವೈರಸ್ ಎಂಬ ಎರಡು ವೈರಸ್‌ಗಳ ಪಿಸಿಆರ್ ಸೇರಿಸಿ. ಕಾರ್ನ್ ಸ್ನೇಕ್, ಕಿಂಗ್ ಸ್ನೇಕ್ ಆದರೆ ಜಠರದಲ್ಲಿ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಇದೆಯೇ ನೋಡಲು ಹೇಳಿ. ಜೊತೆಗೊಂದು ಹಾಳೆ ಕೊಡಿ: ವಯಸ್ಸು, ಕಳೆದ ಆರು ತಿಂಗಳ ತೂಕ, ಕೊನೆಯ ಐದಾರು ಊಟದ ದಿನಾಂಕ ಮತ್ತು ಇಲಿಯ ಗಾತ್ರ, ಕೊನೆಯ ಸಲ ಪೊರೆ ಬಿಟ್ಟದ್ದು ಯಾವಾಗ, ಬಿಸಿ ತುದಿ ಮತ್ತು ತಂಪು ತುದಿಯ ಉಷ್ಣತೆ, ಬಳಸಿದ ಹಾಸು, ಇತ್ತೀಚೆಗೆ ಮನೆಗೆ ಬಂದ ಬೇರೆ ಪ್ರಾಣಿಗಳು. ವೈದ್ಯರಿಗೆ ಅರ್ಧ ಉತ್ತರ ಈ ಹಾಳೆಯಲ್ಲೇ ಸಿಗುತ್ತದೆ.

ಹಾವು ಸಾಯದೆ ತಪ್ಪಿಸಿಕೊಂಡು ಹೋಗಿದ್ದರೆ ಲೆಕ್ಕ ಬೇರೆ. ಮನೆಯೊಳಗೇ ಎಲ್ಲೋ ಅವಿತಿದ್ದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಳೆದ ಮೇಲೆ ಸಿಗುವುದು ಅಪರೂಪವಲ್ಲ. ಟ್ಯಾಂಕನ್ನು ಬಿಸಿಯಾಗಿಯೇ ಇಟ್ಟು, ನೀರು ತುಂಬಿಸಿ, ಕನಿಷ್ಠ ಮೂರು ತಿಂಗಳು ಅದಕ್ಕೇ ಬಿಟ್ಟಿಡಿ. ತಪ್ಪಿಸಿಕೊಂಡ ದಾರಿ ಯಾವುದೆಂದು ಗೊತ್ತಾಗದೆ ಇನ್ನೊಂದನ್ನು ತಂದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಸಾವಿನ ಕಾರಣ ಮತ್ತು ನಿರ್ಧಾರ

ಮುಪ್ಪು ಎಂದುಕೊಳ್ಳುವ ಮೊದಲು ವಯಸ್ಸು ನೋಡಿ. ಚೆನ್ನಾಗಿ ಸಾಕಿದ ಕಾರ್ನ್ ಸ್ನೇಕ್ 15ರಿಂದ 20 ವರ್ಷ, ಬಾಲ್ ಪೈಥಾನ್ ಮತ್ತು ಬೋವಾ 20ರಿಂದ 30 ವರ್ಷ ಬದುಕುತ್ತವೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 60 ದಾಟಿದ ಬಾಲ್ ಪೈಥಾನ್ ಒಂದು 2020ರಲ್ಲಿ ಮೊಟ್ಟೆ ಇಟ್ಟಿತು. ಹೀಗಿರುವಾಗ ಎಂಟು ವರ್ಷದ ಬಾಲ್ ಪೈಥಾನ್ 'ವಯಸ್ಸಾಗಿ' ಸತ್ತಿತೆಂದು ಸಮಾಧಾನ ಪಟ್ಟುಕೊಳ್ಳುವ ಹಾಗಿಲ್ಲ.

ಬಿಸಿಯ ತೊಂದರೆಯಿಂದ ಸಾಯುವ ಹಾವುಗಳು ಬಹಳ. ಥರ್ಮೋಸ್ಟಾಟ್ ಇಲ್ಲದ ಹೀಟ್ ಮ್ಯಾಟಿನ ಮೇಲ್ಮೈ 45 ಡಿಗ್ರಿ ದಾಟಬಲ್ಲದು. ಹಾವು ಅಲ್ಲಿಂದ ಎದ್ದು ಹೋಗುತ್ತದೆ ಎಂದು ನಂಬಬೇಡಿ. ಹೊಟ್ಟೆಯ ಚರ್ಮ ಸುಡುತ್ತಿದ್ದರೂ ಅಲ್ಲೇ ಮಲಗಿರುವುದುಂಟು. ಥರ್ಮೋಸ್ಟಾಟ್ ಇದ್ದರೂ ಅದರೊಳಗಿನ ರಿಲೇ (ಹೀಟರನ್ನು ಹಾಕಿ ಆರಿಸುವ ಸ್ವಿಚ್) 'ಆನ್' ಸ್ಥಿತಿಯಲ್ಲಿ ಸಿಕ್ಕಿಕೊಂಡರೆ, ಅಥವಾ ಉಷ್ಣತೆ ಅಳೆಯುವ ಪ್ರೋಬ್ ಜಾರಿ ತಂಪು ಜಾಗಕ್ಕೆ ಬಿದ್ದರೆ, ಹೀಟರ್ ಆರುವುದೇ ಇಲ್ಲ. ಟ್ಯಾಂಕ್ ಪೂರ್ತಿ 38 ಡಿಗ್ರಿ ದಾಟಿ ನಿಂತರೆ ಕೆಲವೇ ಗಂಟೆಗಳಲ್ಲಿ ಹಾವು ಸಾಯಬಹುದು. ಬಿಸಿಲು ಬೀಳುವ ಕಿಟಕಿಯ ಪಕ್ಕದ ಗಾಜಿನ ಟ್ಯಾಂಕ್ ಹೀಟರ್ ಇಲ್ಲದೆಯೂ ಅಷ್ಟು ಕಾಯುತ್ತದೆ. ತೀರಾ ತಂಪಾದರೆ ಸಾವು ನಿಧಾನ: ನುಂಗಿದ ಇಲಿ ಜೀರ್ಣವಾಗದೆ ಹೊಟ್ಟೆಯಲ್ಲೇ ಕೊಳೆಯುತ್ತದೆ, ಹಾವು ಕಕ್ಕುತ್ತದೆ, ರೋಗನಿರೋಧಕ ಶಕ್ತಿ ಕುಗ್ಗಿ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ, ಸೀಟಿಯಂಥ ಸದ್ದು, ತಲೆ ಮೇಲೆತ್ತಿ ಕೂರುವುದು ಇವು ಕೊನೆಯ ವಾರಗಳಲ್ಲಿ ಇದ್ದವೇ ಎಂದು ನೆನಪಿಸಿಕೊಳ್ಳಿ. ಇಂಥ ಕಾರಣ ಸಿಕ್ಕರೆ ಮುಂದಿನ ಹಾವನ್ನು ಉಳಿಸುವುದು ನಿಮ್ಮ ಕೈಯಲ್ಲೇ ಇದೆ. ಉಪಕರಣ ಬದಲಿಸಬಹುದು, ಕ್ರಮ ತಿದ್ದಿಕೊಳ್ಳಬಹುದು. ಅದಾದ ಮೇಲೆ ಇನ್ನೊಂದು ಹಾವು ಸಾಕಲು ನಿಮಗೆ ಹಕ್ಕಿಲ್ಲ ಎಂದು ಯಾರೂ ಹೇಳುವಂತಿಲ್ಲ.

ಊಟದಿಂದಾಗುವ ಸಾವು ಎರಡು ಬಗೆ. ಹಾವಿನ ಮೈಯ ಅತಿ ದಪ್ಪ ಭಾಗಕ್ಕಿಂತ ದೊಡ್ಡ ಇಲಿ ಕೊಡುವುದು, ಕಕ್ಕಿದ ಮರುವಾರವೇ ಮತ್ತೆ ಕೊಡುವುದು ಮೊದಲನೆಯದು. ಒಮ್ಮೆ ಕಕ್ಕಿದರೆ ಜಠರದ ಆಮ್ಲ ಅನ್ನನಾಳವನ್ನು ಸುಟ್ಟಿರುತ್ತದೆ. 10ರಿಂದ 14 ದಿನ ನೀರು ಮಾತ್ರ ಇಟ್ಟು ಬಿಡುವು ಕೊಟ್ಟು, ಆಮೇಲೆ ಎಂದಿನ ಅರ್ಧ ಗಾತ್ರದ ಇಲಿಯಿಂದ ಶುರುಮಾಡಬೇಕು. ಎರಡನೆಯದು ವರ್ಷಗಟ್ಟಲೆ ಅತಿಯಾಗಿ ತಿನ್ನಿಸುವುದು. ಬೆಳೆದ ಬಾಲ್ ಪೈಥಾನಿಗೆ ಎರಡರಿಂದ ನಾಲ್ಕು ವಾರಕ್ಕೊಂದು ಊಟ ಸಾಕು. ವಾರವಾರ ಕೊಟ್ಟರೆ ಒಳಗೆ ಕೊಬ್ಬು ತುಂಬಿ ಯಕೃತ್ತು ಕೆಡುತ್ತದೆ. ಹೊರಗಿನಿಂದ ನೋಡಿದರೆ ಹಾವು ಗಟ್ಟಿಮುಟ್ಟಾಗಿಯೇ ಕಾಣುತ್ತದೆ.

ಸೋಂಕಿನ ವಿಷಯದಲ್ಲಿ ಮಾತ್ರ ಆತುರ ಖಂಡಿತ ಸಲ್ಲದು. ಮೂರು ಹೆಸರು ನೆನಪಿರಲಿ. ಮೊದಲನೆಯದು ಕ್ರಿಪ್ಟೋಸ್ಪೊರಿಡಿಯಂ ಸರ್ಪೆಂಟಿಸ್ (ಚಿಕ್ಕದಾಗಿ ಕ್ರಿಪ್ಟೋ) ಎಂಬ ಪರಾವಲಂಬಿ. ಜಠರದ ಗೋಡೆ ದಪ್ಪವಾಗಿ ಮೈಯ ನಡುಭಾಗ ಉಬ್ಬುತ್ತದೆ, ಹಾವು ಪದೇಪದೇ ಕಕ್ಕುತ್ತದೆ, ತಿಂದರೂ ಸೊರಗುತ್ತದೆ. ಖಚಿತವಾಗಿ ಗುಣಪಡಿಸುವ ಚಿಕಿತ್ಸೆ ಇಲ್ಲ. ಅದರ ಮೊಟ್ಟೆಯಂಥ ಕೋಶಗಳು ಬ್ಲೀಚ್‌ಗೆ ಸಾಯುವುದಿಲ್ಲ ಎಂಬುದೇ ದೊಡ್ಡ ಕಷ್ಟ. ಎರಡನೆಯದು ಇನ್‌ಕ್ಲೂಷನ್ ಬಾಡಿ ರೋಗ. ಇದಕ್ಕೆ ಮೇಲೆ ಹೇಳಿದ ರೆಪ್ಟಅರೆನಾವೈರಸ್ ಸೇರಿದ ಅರೆನಾವೈರಸ್‌ಗಳು ಕಾರಣವಿರಬೇಕೆಂದು 2012ರಲ್ಲಿ ಪತ್ತೆಯಾಯಿತು. ಬೋವಾಗಳು ಯಾವ ಲಕ್ಷಣವನ್ನೂ ತೋರದೆ ವರ್ಷಗಟ್ಟಲೆ ವೈರಸ್ ಹೊತ್ತಿರಬಲ್ಲವು, ಹೆಬ್ಬಾವುಗಳಲ್ಲಿ ಬೇಗನೆ ನರಗಳ ಮೇಲೆ ಎರಗುತ್ತದೆ: ತಲೆ ಆಕಾಶಕ್ಕೆ ತಿರುಗುವುದು, ಬೆನ್ನಡಿಯಾಗಿ ಬಿದ್ದರೆ ಮಗುಚಿಕೊಳ್ಳಲಾಗದಿರುವುದು. ಮೂರನೆಯದು 2014ರಲ್ಲಿ ಬಾಲ್ ಪೈಥಾನ್‌ಗಳಲ್ಲಿ ಗುರುತಿಸಿದ ನಿಡೋವೈರಸ್. ಬಾಯಲ್ಲಿ ಲೋಳೆ, ವಾಸಿಯಾಗದ ಉಸಿರಾಟದ ತೊಂದರೆ ಇದರ ಗುರುತು.

ಪರೀಕ್ಷೆ ಮಾಡಿಸಿಯೂ ಕಾರಣ ಸಿಗಲಿಲ್ಲವೇ? ಸೋಂಕೇ ಇತ್ತೆಂದು ಭಾವಿಸಿ ಮುಂದುವರಿಯಿರಿ.

ಮನೆಯಲ್ಲಿ ಬೇರೆ ಹಾವುಗಳಿದ್ದರೆ

ಉಳಿದ ಹಾವಿಗೆ 'ಜೊತೆ ಬೇಕು' ಎಂದು ತರಬೇಡಿ. ಇಲ್ಲಿ ಹೇಳುತ್ತಿರುವ ಜಾತಿಗಳು ಒಂಟಿಯಾಗಿರುವವು. ಪಕ್ಕದ ಟ್ಯಾಂಕಿನದು ಸತ್ತಿತೆಂದು ಅವು ಕೊರಗುವುದಿಲ್ಲ. ಒಂದೇ ಟ್ಯಾಂಕಿನಲ್ಲಿಟ್ಟರೆ ಬಿಸಿ ಜಾಗಕ್ಕಾಗಿ ಪೈಪೋಟಿ, ಕಿಂಗ್ ಸ್ನೇಕ್ ಆದರೆ ಇನ್ನೊಂದನ್ನು ನುಂಗಿಯೇಬಿಡಬಹುದು. ಉಳಿದದ್ದು ಊಟ ಬಿಟ್ಟರೆ ಅದನ್ನು ಶೋಕವೆಂದು ತಿಳಿಯದೆ ರೋಗದ ಸೂಚನೆಯೆಂದೇ ಹಿಡಿದು ವೈದ್ಯರಿಗೆ ತೋರಿಸಿ.

ಸಾವಿನ ದಿನದಿಂದ ಕನಿಷ್ಠ 90 ದಿನ, ಬೋವಾ ಮತ್ತು ಹೆಬ್ಬಾವುಗಳಿರುವ ಮನೆಯಲ್ಲಿ ಆರು ತಿಂಗಳು, ಹೊಸದನ್ನು ತರಬೇಡಿ, ಇರುವುದನ್ನು ಯಾರಿಗೂ ಕೊಡಬೇಡಿ. ಇಕ್ಕಳ, ನೀರಿನ ಬಟ್ಟಲು, ಹಾವು ಎತ್ತುವ ಕೊಕ್ಕೆ ಪ್ರತಿ ಟ್ಯಾಂಕಿಗೂ ಬೇರೆ ಇರಲಿ. ಆರೋಗ್ಯವಾಗಿರುವ ಹಾವಿನ ಕೆಲಸ ಮೊದಲು, ಅನುಮಾನವಿರುವುದರ ಕೆಲಸ ಕೊನೆಗೆ. ಉಳಿದವುಗಳ ಮಲ ಮತ್ತು ಬಾಯಿಯ ಸ್ವಾಬ್ ಪರೀಕ್ಷೆಯನ್ನು ಕೆಲವು ವಾರಗಳ ಅಂತರದಲ್ಲಿ ಎರಡು ಮೂರು ಸಲ ಮಾಡಿಸಿ. ಕ್ರಿಪ್ಟೋ ಆಗಲಿ ನಿಡೋವೈರಸ್ ಆಗಲಿ ಪ್ರತಿದಿನವೂ ಹೊರಬೀಳುವುದಿಲ್ಲ, ಒಂದು ಸಲ 'ಇಲ್ಲ' ಎಂದು ಬಂದ ಫಲಿತಾಂಶವನ್ನು ನೆಚ್ಚಿಕೊಳ್ಳಬಾರದು.

ನುಸಿ ಕೂಡ ಹುಡುಕಿ. ಹಾವಿನ ನುಸಿ ಗಸಗಸೆಗಿಂತ ದೊಡ್ಡದಿರುವುದಿಲ್ಲ. ಕಣ್ಣಿನ ಸುತ್ತ, ಗಲ್ಲದ ಕೆಳಗಿನ ಸೀಳಿನಲ್ಲಿ, ನೀರಿನ ಬಟ್ಟಲಿನ ತಳದಲ್ಲಿ ಕಪ್ಪು ಚುಕ್ಕೆಗಳಾಗಿ ಸಿಗುತ್ತದೆ. ಬಿಸಿ ಜಾಗದಲ್ಲಿ ಎರಡು ಮೂರು ವಾರಕ್ಕೆ ಒಂದು ಪೀಳಿಗೆ ಪೂರ್ತಿಯಾಗುತ್ತದೆ, ಊಟವಿಲ್ಲದೆಯೂ ಕೆಲವು ವಾರ ಬದುಕುತ್ತದೆ. ಹಾವಿಲ್ಲದ ಟ್ಯಾಂಕನ್ನು ವಾರ ಖಾಲಿ ಬಿಟ್ಟರೆ ನುಸಿ ಹೋಯಿತೆಂಬ ನಂಬಿಕೆ ತಪ್ಪು.

ಟ್ಯಾಂಕ್ ತೊಳೆಯುವ ಕ್ರಮ

1. ಹಾಸು, ಮರದ ತುಂಡು, ಕಾರ್ಕ್ ತೊಗಟೆ, ಪಾಚಿ, ಗಿಡ ಎಲ್ಲವನ್ನೂ ಚೀಲಕ್ಕೆ ತುಂಬಿ ಕಟ್ಟಿ ಎಸೆಯಿರಿ. ಸಣ್ಣ ರಂಧ್ರಗಳಿರುವ ಯಾವ ವಸ್ತುವನ್ನೂ ಪೂರ್ತಿ ಶುದ್ಧಮಾಡಲಾಗದು.

2. ಗಾಜು, ಪ್ಲಾಸ್ಟಿಕ್, ಬಟ್ಟಲುಗಳನ್ನು ಬಿಸಿನೀರು, ಸೋಪಿನಿಂದ ಉಜ್ಜಿ ತೊಳೆಯಿರಿ. ಮಲ, ಪೊರೆಯ ಚೂರು ಉಳಿದಿದ್ದರೆ ಬ್ಲೀಚ್‌ನ ಶಕ್ತಿಯೆಲ್ಲ ಅದರ ಮೇಲೇ ಖರ್ಚಾಗುತ್ತದೆ. ಬಹಳ ಮಂದಿ ಈ ಹಂತ ಬಿಟ್ಟು ನೇರ ಬ್ಲೀಚ್ ಸುರಿಯುತ್ತಾರೆ, ಅಲ್ಲೇ ಕೆಲಸ ಕೆಡುತ್ತದೆ.

3. ಶೇಕಡಾ 5ರಿಂದ 6 ಸಾಂದ್ರತೆಯ ಸಾಮಾನ್ಯ ಬ್ಲೀಚ್ 100 ಮಿಲಿಗೆ 900 ಮಿಲಿ ತಣ್ಣೀರು ಬೆರೆಸಿ. ಬೆರೆಸಿದ್ದನ್ನು ಅಂದೇ ಬಳಸಿ. ಮೇಲ್ಮೈ 10 ನಿಮಿಷ ಒದ್ದೆಯಾಗಿಯೇ ಇರಬೇಕು, ಒಣಗುತ್ತ ಬಂದರೆ ಮತ್ತೆ ಹಚ್ಚಿ. ಸಿಲಿಕಾನ್ ಅಂಚು, ಜಾರುವ ಬಾಗಿಲು ಸರಿಯುವ ಹಳಿ, ಮುಚ್ಚಳದ ಜಾಲರಿ ಮರೆಯಬೇಡಿ. ಕಿಟಕಿ ತೆರೆದಿರಲಿ. ಬ್ಲೀಚ್ ಜೊತೆ ಅಮೋನಿಯಾ, ಆಮ್ಲ ಯಾವುದನ್ನೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ.

4. ವಾಸನೆ ಪೂರ್ತಿ ಹೋಗುವವರೆಗೆ ತೊಳೆದು, ಹಲವು ದಿನ ಒಣಗಿಸಿ.

ಕ್ರಿಪ್ಟೋ ಖಚಿತವಾಗಿದ್ದರೆ ಈ ಕ್ರಮ ಸಾಲದು. ಆಗ ಬೇಕಿರುವುದು ಬಿಸಿ. 72 ಡಿಗ್ರಿಗಿಂತ ಹೆಚ್ಚಿನ ಬಿಸಿಯನ್ನು ಎಲ್ಲ ಮೂಲೆಗೂ ಒಂದು ನಿಮಿಷಕ್ಕೂ ಹೆಚ್ಚು ಮುಟ್ಟಿಸಬೇಕು, ಎಂದರೆ ಸ್ಟೀಮ್ ಕ್ಲೀನರ್. ಬಟ್ಟಲುಗಳನ್ನು ಕುದಿಸಬಹುದು. ಮರದ ಟ್ಯಾಂಕಿನಲ್ಲಿ ಇದು ಸಾಧ್ಯವಿಲ್ಲ. ನಮ್ಮನ್ನು ಕೇಳಿದರೆ, ಕ್ರಿಪ್ಟೋ ಇದ್ದ ಟ್ಯಾಂಕನ್ನು ಉಳಿಸಿಕೊಳ್ಳಲು ಹೆಣಗುವುದಕ್ಕಿಂತ ಎಸೆದು ಹೊಸದು ತರುವುದೇ ಸರಿ.

ಖಾಲಿ ಟ್ಯಾಂಕನ್ನು ಹದಿನಾಲ್ಕು ದಿನ ನಡೆಸಿ ನೋಡಿ

ಹಾವು ತರುವುದೋ ಬಿಡುವುದೋ ಇನ್ನೂ ತೀರ್ಮಾನವಾಗದಿದ್ದರೂ ಇದನ್ನು ಮಾಡಬಹುದು. ಹೊಸ ಹಾಸು, ಎರಡು ಅಡಗುತಾಣ, ನೀರಿನ ಬಟ್ಟಲು ಇಟ್ಟು ಹಾವಿದೆ ಎಂಬಂತೆಯೇ ನಡೆಸಿ. ಕನಿಷ್ಠ ಮತ್ತು ಗರಿಷ್ಠ ಉಷ್ಣತೆಯನ್ನು ನೆನಪಿಟ್ಟುಕೊಳ್ಳುವ ಡಿಜಿಟಲ್ ಥರ್ಮಾಮೀಟರ್ ಎರಡು ಬೇಕು, ಬಿಸಿ ತುದಿಗೊಂದು, ತಂಪು ತುದಿಗೊಂದು. ಗಾಜಿಗೆ ಅಂಟಿಸುವ ಗುಂಡನೆಯ ಮುಳ್ಳಿನ ಮಾಪಕಗಳನ್ನು ನಂಬಬೇಡಿ. ಬಾಲ್ ಪೈಥಾನಿಗೆ ಬಿಸಿ ತುದಿ 31ರಿಂದ 33, ತಂಪು ತುದಿ 24ರಿಂದ 27, ತೇವಾಂಶ ಶೇಕಡಾ 55ರಿಂದ 70. ಕಾರ್ನ್ ಸ್ನೇಕ್‌ಗೆ ಬಿಸಿ ತುದಿ 29ರಿಂದ 31, ತಂಪು ತುದಿ 21ರಿಂದ 24, ತೇವಾಂಶ 40ರಿಂದ 60. ಬೆಳಿಗ್ಗೆ, ಸಂಜೆ ಬರೆದಿಡಿ.

ಹದಿನಾಲ್ಕು ದಿನದಲ್ಲಿ ಬಿಸಿ ತುದಿ ಒಮ್ಮೆಯಾದರೂ 35 ದಾಟಿದರೆ ಥರ್ಮೋಸ್ಟಾಟನ್ನೋ ಪ್ರೋಬ್ ಇರುವ ಜಾಗವನ್ನೋ ಬದಲಿಸಿ, ಎಣಿಕೆಯನ್ನು ಒಂದನೇ ದಿನದಿಂದ ಮತ್ತೆ ಶುರುಮಾಡಿ. ನಡುವೆ ಒಂದು ದಿನ ಬೇಕೆಂದೇ ವಿದ್ಯುತ್ ತೆಗೆದು, ಟ್ಯಾಂಕ್ 20 ಡಿಗ್ರಿಗೆ ಇಳಿಯಲು ಎಷ್ಟು ಗಂಟೆ ಹಿಡಿಯುತ್ತದೆ ಎಂದು ಬರೆದುಕೊಳ್ಳಿ. ಕರೆಂಟ್ ಹೋದಾಗ ನಿಮಗೆ ಎಷ್ಟು ಸಮಯವಿದೆ ಎಂಬುದಕ್ಕೆ ಅದೇ ಉತ್ತರ.

ಈ ಎರಡು ವಾರದಲ್ಲಿ ಇನ್ನೊಂದು ವಿಷಯವೂ ತಿಳಿಯುತ್ತದೆ. ದಿನಾ ಟ್ಯಾಂಕಿನ ಹತ್ತಿರ ಹೋಗಿ ಅಂಕಿ ಬರೆಯುವುದು ನಿಮಗೆ ಹಿತವೆನಿಸಿತೇ, ಇಲ್ಲವೇ ಬೇಸರದ ಕೆಲಸವೆನಿಸಿ ನಾಲ್ಕನೇ ದಿನಕ್ಕೆ ಬಿಟ್ಟಿರೇ? ಬಿಟ್ಟಿದ್ದರೆ ಈಗ ಹಾವು ಬೇಡ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ನಿಮ್ಮ ಮುಂದಿನ ಇಪ್ಪತ್ತು ವರ್ಷ

ಮೊದಲ ಹಾವು ತಂದಾಗಿನ ನೀವೇ ಈಗಲೂ ಇಲ್ಲ. ಇಂದು ಮರಿ ಬಾಲ್ ಪೈಥಾನ್ ತಂದರೆ ಅದು 25 ವರ್ಷದ ಮಾತು. ಅಷ್ಟರಲ್ಲಿ ನಿಮ್ಮ ವಯಸ್ಸೆಷ್ಟಾಗುತ್ತದೆ, ಎಲ್ಲಿರುತ್ತೀರಿ, ನಿಮಗೆ ಆಗದಿದ್ದರೆ ಯಾರು ನೋಡಿಕೊಳ್ಳುತ್ತಾರೆ? ಈ ಕೊನೆಯ ಪ್ರಶ್ನೆಗೆ 'ಯಾರಾದರೂ' ಎಂಬುದು ಉತ್ತರವಲ್ಲ. ಒಬ್ಬರ ಹೆಸರು ಬೇಕು, ಅವರನ್ನು ಕೇಳಿ ಒಪ್ಪಿಸಿರಬೇಕು. ಬಾಡಿಗೆ ಮನೆಯಾದರೆ ಮನೆಯ ಮಾಲೀಕರ ಒಪ್ಪಿಗೆ ಈಗಲೂ ಇದೆಯೇ ಕೇಳಿಕೊಳ್ಳಿ.

ಮನೆಯಲ್ಲಿ ಐದು ವರ್ಷದೊಳಗಿನ ಮಗು, 65 ದಾಟಿದ ಹಿರಿಯರು, ಗರ್ಭಿಣಿ ಅಥವಾ ರೋಗನಿರೋಧಕ ಶಕ್ತಿ ಕಡಿಮೆಯಿರುವವರು ಇದ್ದರೆ ಸಾಲ್ಮೊನೆಲ್ಲಾ ಬಗ್ಗೆ ಗಂಭೀರವಾಗಿ ಯೋಚಿಸಿ. ಆರೋಗ್ಯವಾಗಿರುವ ಹಾವಿನ ಕರುಳಿನಲ್ಲೂ ಈ ಬ್ಯಾಕ್ಟೀರಿಯಾ ಇರುತ್ತದೆ. ಹಾವನ್ನೋ ಟ್ಯಾಂಕನ್ನೋ ಮುಟ್ಟಿದ ಮೇಲೆ ಸೋಪಿನಿಂದ 20 ಸೆಕೆಂಡ್ ಕೈ ತೊಳೆಯುವುದು, ಬಟ್ಟಲುಗಳನ್ನು ಅಡುಗೆಮನೆಯ ಸಿಂಕ್‌ನಲ್ಲಿ ತೊಳೆಯದಿರುವುದು ಕನಿಷ್ಠ ನಿಯಮ. ಹರಿದಾಡುವ ಮಗುವಿರುವ ಮನೆಯಲ್ಲಿ ಎರಡು ಮೂರು ವರ್ಷ ತಡೆಯುವುದು ಒಳ್ಳೆಯದು.

ಕಾನೂನು ಕೂಡ ಹಿಂದಿನಂತೆಯೇ ಇದೆ ಎಂದುಕೊಳ್ಳಬೇಡಿ. ಎಲ್ಲ ಹೆಬ್ಬಾವು ಮತ್ತು ಬೋವಾ ಜಾತಿಗಳೂ ಅಳಿವಿನ ಅಪಾಯವಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸಲು 1975ರಲ್ಲಿ ಜಾರಿಗೆ ಬಂದ ಸೈಟಿಸ್ ಒಪ್ಪಂದದ ಪಟ್ಟಿಗಳಲ್ಲಿವೆ. ಸಾಕಲು ಪರವಾನಗಿ, ನೋಂದಣಿ, ಖರೀದಿ ದಾಖಲೆ ಏನು ಬೇಕೆಂಬುದು ಒಂದೊಂದು ದೇಶದಲ್ಲಿ ಒಂದೊಂದು ಥರ. ನೋಂದಣಿ ಇರುವ ಕಡೆ ಸತ್ತ ಹಾವಿನ ಹೆಸರನ್ನು ಪಟ್ಟಿಯಿಂದ ತೆಗೆಸುವುದೂ ನಿಮ್ಮ ಕೆಲಸವೇ. ಕಾಡಿನಿಂದ, ಹೊಲದಿಂದ ಹಿಡಿದ ಹಾವು ಎಂದಿಗೂ ಬೇಡ. ಅದು ಸೆರೆಯಲ್ಲಿ ಊಟ ಬಿಟ್ಟು ಸೊರಗುತ್ತದೆ, ಪರಾವಲಂಬಿಗಳನ್ನು ಹೊತ್ತು ತರುತ್ತದೆ, ಬಹಳ ಕಡೆ ಹಿಡಿಯುವುದೇ ಅಪರಾಧ.

ಅದೇ ಹಾವು ಬೇಕೇ, ಇನ್ನೊಂದು ಹಾವು ಬೇಕೇ?

ಇಷ್ಟು ಹೊತ್ತು ಅಂಕಿ, ಪರೀಕ್ಷೆ, ಸಲಕರಣೆಗಳ ಮಾತಾಯಿತು. ಎಲ್ಲಕ್ಕಿಂತ ಕಷ್ಟದ ಭಾಗ ಇದು. ಹೋದ ಹಾವಿನ ಬಣ್ಣವೇ ಬೇಕು, ಅದೇ ಜಾತಿ, ಅದೇ ಮಚ್ಚೆ, ಅದೇ ಹೆಸರು ಇಡೋಣ ಎಂದು ಮನಸ್ಸು ಎಳೆಯುತ್ತಿದ್ದರೆ ಇನ್ನೂ ಸ್ವಲ್ಪ ಕಾಲ ಬಿಡಿ. ಹತ್ತು ವರ್ಷ ಕೈಯಲ್ಲಿ ಆಡಿದ ಹಾವಿನ ಶಾಂತತೆ ಹತ್ತು ವರ್ಷದ ಒಡನಾಟದಿಂದ ಬಂದದ್ದು. ಹೊಸದಾಗಿ ಬಂದ 60 ಗ್ರಾಂ ತೂಕದ ಮರಿ ಬುಸುಗುಡುತ್ತದೆ, ಕಚ್ಚಲು ಬರುತ್ತದೆ, ಕೈಯಲ್ಲಿ ಮಲ ವಿಸರ್ಜಿಸುತ್ತದೆ. ಹಿಂದಿನದರ ಜೊತೆ ಹೋಲಿಸುತ್ತ ಕೂತರೆ ಆ ಮರಿಗೆ ಅನ್ಯಾಯ, ನಿಮಗೂ ನಿರಾಸೆ. ಆರು ತಿಂಗಳಲ್ಲಿ ಮತ್ತೆ ಮಾರಾಟಕ್ಕೆ ಬರುವ ಮರಿಗಳಲ್ಲಿ ಹೀಗೆ ತಂದವೂ ಇರುತ್ತವೆ.

ಒಂದು ಹಾಳೆಯಲ್ಲಿ, ಹಾವು ಸಾಕುವುದರಲ್ಲಿ ನಿಮಗೆ ಏನೇನು ಇಷ್ಟವಿತ್ತು ಎಂದು ಬರೆಯಿರಿ. ಸಂಜೆ ದೀಪ ಆರಿದ ಮೇಲೆ ಹೊರಬಂದು ನಾಲಗೆ ಚಾಚುತ್ತ ತಿರುಗುವುದನ್ನು ನೋಡುವುದು, ಇಡೀ ಪೊರೆ ಒಂದೇ ತುಂಡಾಗಿ ಸಿಕ್ಕಾಗಿನ ಖುಷಿ, ಟ್ಯಾಂಕನ್ನು ಸಿಂಗರಿಸುವುದು ಇಂಥವೇ ಹೆಚ್ಚಿದ್ದರೆ ಯಾವ ಹಾವಿನ ಜೊತೆಗಾದರೂ ಅವು ಸಿಗುತ್ತವೆ. ಬರೆದದ್ದೆಲ್ಲ ಆ ಒಂದು ಹಾವಿನ ಗುಣಗಳೇ ಆಗಿದ್ದರೆ ನಿಮಗೆ ಬೇಕಿರುವುದು ಅದು, ಇನ್ನೊಂದು ಹಾವಲ್ಲ. ತಿಂಗಳು ಬಿಟ್ಟು ಹಳೆಯ ಹಾಳೆ ನೋಡದೆ ಮತ್ತೆ ಬರೆಯಿರಿ. ಉತ್ತರ ಬದಲಾಗುವುದು ಸಹಜ.

ನಿಮ್ಮ ತಪ್ಪಿನಿಂದಲೇ ಸತ್ತಿದೆ ಎಂದು ಪರೀಕ್ಷೆ ಹೇಳಿದ್ದರೆ, ಆ ಭಾರ ಇಳಿಸಿಕೊಳ್ಳಲು ಹಾವು ತರಬೇಡಿ. ಭಯದಲ್ಲಿ ಸಾಕುವವರು ದಿನಕ್ಕೆ ಹತ್ತು ಸಲ ಮುಚ್ಚಳ ತೆರೆದು ನೋಡುತ್ತಾರೆ, ಒಂದು ಊಟ ಬಿಟ್ಟರೆ ಬಲವಂತವಾಗಿ ತಿನ್ನಿಸಲು ಹೊರಡುತ್ತಾರೆ. ಆ ಕಾಟಕ್ಕೇ ಹಾವು ಊಟ ಬಿಡುತ್ತದೆ. ಬಾಲ್ ಪೈಥಾನ್ ಎರಡು ತಿಂಗಳು ತಿನ್ನದಿದ್ದರೂ ತೂಕ ನೋಡಿಕೊಂಡು ಸುಮ್ಮನಿರುವಷ್ಟು ಧೈರ್ಯ ಬಂದಿದೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಮನೆಯ ಮಕ್ಕಳಿಗಾಗಿ ತರುವುದಾದರೂ ಹೀಗೇ. ಸತ್ತದ್ದನ್ನು ಮುಚ್ಚಿಟ್ಟು ಅದೇ ಬಣ್ಣದ ಇನ್ನೊಂದನ್ನು ಇಡಬೇಡಿ, ಮಕ್ಕಳಿಗೆ ಗೊತ್ತಾಗುತ್ತದೆ.

ತರುವುದೆಂದು ನಿರ್ಧರಿಸಿದರೆ

ಮರಿಗಿಂತ, ಸಾಕಲಾಗದೆ ಯಾರೋ ಬಿಟ್ಟುಕೊಟ್ಟ ಬೆಳೆದ ಹಾವನ್ನು ಮೊದಲು ನೋಡಿ. ಅದರ ಸ್ವಭಾವ ಈಗಾಗಲೇ ಗೊತ್ತಿರುತ್ತದೆ, ಬೆಳವಣಿಗೆಯ ಅಪಾಯದ ವರ್ಷಗಳು ಕಳೆದಿರುತ್ತವೆ. ಇಪ್ಪತ್ತೈದು ವರ್ಷದ ಹೊಣೆ ಹೊರಲಾಗದವರಿಗೆ ಹನ್ನೆರಡು ವರ್ಷದ ಕಾರ್ನ್ ಸ್ನೇಕ್ ಒಳ್ಳೆಯ ಆಯ್ಕೆ.

ನೋಡಲು ಹೋದಾಗ ತೂಕ ಮತ್ತು ಊಟದ ದಾಖಲೆ ಕೇಳಿ. ಕೊನೆಯ ಐದು ಊಟವಾದರೂ ದಿನಾಂಕ ಸಹಿತ ಇರಬೇಕು. ಕೈಗೆತ್ತಿಕೊಂಡರೆ ಮೈ ಬಿಗಿಯಾಗಿ ಸುತ್ತಿಕೊಳ್ಳಬೇಕು, ಜೋಲಾಡಬಾರದು. ಬೆನ್ನಡಿ ಮಾಡಿದರೆ ತಕ್ಷಣ ಮಗುಚಿಕೊಳ್ಳಬೇಕು. ಕಣ್ಣು ತಿಳಿಯಾಗಿರಲಿ, ಬಾಲದ ಬುಡದ ದ್ವಾರ ಒಣಗಿ ಸ್ವಚ್ಛವಾಗಿರಲಿ, ನಿಮ್ಮ ಕಿವಿಯ ಹತ್ತಿರ ಹಿಡಿದರೆ ಉಸಿರಿನಲ್ಲಿ ಟಿಕ್ ಟಿಕ್ ಸದ್ದು ಬರಬಾರದು. ಬಿಳಿ ಟಿಶ್ಯೂ ಕಾಗದದಿಂದ ಮೈ ಒರೆಸಿ ನುಸಿ ನೋಡಿ. ಬಾಲ್ ಪೈಥಾನ್‌ಗಳಲ್ಲಿ 'ಸ್ಪೈಡರ್' ಎಂಬ ಬಣ್ಣದ ತಳಿ ಚೆಲುವಾಗಿದ್ದರೂ ಒಳಕಿವಿಯ ರಚನೆಯ ದೋಷದಿಂದ ಅದಕ್ಕೆ ತಲೆ ನಡುಕ ಇರುತ್ತದೆ. ಒಂದು ಹಾವು ನರಳುವುದನ್ನು ನೋಡಿದವರು ಮತ್ತೆ ಅದನ್ನೇ ಮನೆಗೆ ತರುವುದು ಬೇಡ ಎಂಬುದು ನಮ್ಮ ಮಾತು. ಜೊತೆಗಿದ್ದ ಬೇರೆ ಹಾವುಗಳ ಟ್ಯಾಂಕುಗಳನ್ನೂ ಕಣ್ಣಾಡಿಸಿ. ಅಲ್ಲಿ ಸೊರಗಿದ್ದೋ ಬಾಯಲ್ಲಿ ಲೋಳೆಯಿರುವುದೋ ಕಂಡರೆ ನಿಮಗೆ ಮೆಚ್ಚಿಗೆಯಾದದ್ದು ಎಷ್ಟು ಚೆನ್ನಾಗಿದ್ದರೂ ಬಿಟ್ಟು ಬನ್ನಿ.

ಮನೆಗೆ ತಂದ ಮೇಲೆ ಏಳರಿಂದ ಹತ್ತು ದಿನ ನೀರು ಬದಲಿಸುವುದು ಬಿಟ್ಟು ಬೇರೆ ಏನೂ ಮಾಡಬೇಡಿ. ಮೊದಲ ಊಟ ಆಮೇಲೆ, ಹಿಂದಿನವರು ಕೊಡುತ್ತಿದ್ದುದಕ್ಕಿಂತ ಒಂದು ಗಾತ್ರ ಚಿಕ್ಕದು. ಫ್ರೀಜ್ ಮಾಡಿದ ಇಲಿಯನ್ನು ಫ್ರಿಜ್‌ನಲ್ಲಿ ರಾತ್ರಿಯಿಡೀ ಕರಗಿಸಿ, ಚೀಲದೊಳಗಿಟ್ಟು ಬಿಸಿನೀರಿನಲ್ಲಿ 38 ಡಿಗ್ರಿ ಸುಮಾರಿಗೆ ಬೆಚ್ಚಗೆ ಮಾಡಿ ಕೊಡಿ; ಮೈಕ್ರೋವೇವ್ ಬೇಡ, ಒಂದು ಕಡೆ ಬೆಂದು ಇನ್ನೊಂದು ಕಡೆ ತಣ್ಣಗಿರುತ್ತದೆ. ಎರಡು ಮೂರು ಊಟ ಸರಿಯಾಗಿ ಜೀರ್ಣವಾದ ಮೇಲೆ ಕೈಗೆತ್ತಿಕೊಳ್ಳಿ, ಊಟವಾದ 48 ಗಂಟೆ ಮುಟ್ಟಬೇಡಿ. ವಾರಕ್ಕೊಮ್ಮೆ ಒಂದು ಗ್ರಾಂ ನಿಖರತೆಯ ತಕ್ಕಡಿಯಲ್ಲಿ ತೂಗಿ. ಮೊದಲ ತೂಕಕ್ಕಿಂತ ಶೇಕಡಾ 10 ಇಳಿದರೆ ವೈದ್ಯರಲ್ಲಿಗೆ ಹೊರಡಿ. ಮನೆಯಲ್ಲಿ ಬೇರೆ ಹಾವಿದ್ದರೆ ಮೊದಲ 90 ದಿನವೂ ಹೊಸದು ಬೇರೆ ಕೋಣೆಯಲ್ಲಿ, ಕಾಗದದ ಹಾಸಿನ ಮೇಲೆ ಇರಲಿ. ಮಲ, ನುಸಿ ಬಿಳಿ ಕಾಗದದ ಮೇಲೆ ತಟ್ಟನೆ ಕಾಣುತ್ತವೆ.

ಬೇಡವೆಂದು ನಿರ್ಧರಿಸಿದರೆ

ಸಾಮಾನುಗಳನ್ನು ಕೂಡಲೇ ಕೊಡಬೇಡಿ. ಆರು ತಿಂಗಳಲ್ಲಿ ಮನಸ್ಸು ಬದಲಾಗಬಹುದು, ಟ್ಯಾಂಕ್ ಒಣಗಿದ ಜಾಗದಲ್ಲಿ ನಿಮಗಾಗಿ ಕಾದಿರಲಿ. ಕೊಡುವುದೇ ಆದರೆ ಹಾವು ಯಾವುದರಿಂದ ಸತ್ತಿತೆಂದು ಪಡೆಯುವವರಿಗೆ ತಿಳಿಸಿ. ಕ್ರಿಪ್ಟೋ, ವೈರಸ್, ಇಲ್ಲವೇ ತಿಳಿಯದ ಕಾರಣ ಆಗಿದ್ದರೆ ಗಾಜು ಮತ್ತು ಲೋಹದ ಸಾಮಾನನ್ನು ಮಾತ್ರ, ಅದೂ ಮೇಲಿನ ಕ್ರಮದಲ್ಲಿ ತೊಳೆದು, ಕ್ರಿಪ್ಟೋ ಇದ್ದರೆ ಮೇಲೆ ಹೇಳಿದಂತೆ ಬಿಸಿಯನ್ನೂ ಮುಟ್ಟಿಸಿ ಕೊಡಿ, ಮರದ್ದೆಲ್ಲ ಕಸಕ್ಕೆ. ಹಳೆಯ ಥರ್ಮೋಸ್ಟಾಟ್ ಮೇಲೆ ಅನುಮಾನವಿದ್ದರೆ ವೈರ್ ಕತ್ತರಿಸಿ ಎಸೆಯಿರಿ, ಬೇರೆ ಯಾರೂ ಅದನ್ನು ಮತ್ತೆ ಸಿಕ್ಕಿಸದಂತೆ. ಫ್ರೀಜರ್‌ನಲ್ಲಿ ಉಳಿದ ಇಲಿಗಳ ಚೀಲ ಒಡೆಯದೆ, ನಡುವೆ ಕರಗದೆ ಇದ್ದರೆ ಹಾವು ಸಾಕುವ ಇನ್ನೊಬ್ಬರಿಗೆ ಅವು ಉಪಯೋಗಕ್ಕೆ ಬರುತ್ತವೆ.